ಗಾಜಿನ ಮೇಲೆ ನನ್ನ ಹೆಸರು

ಹಳೆಯ ಇಂಗ್ಲಿಷ್ ಕ್ರಿಸ್ಟಲ್ ಗ್ಲಾಸು ಹುಡುಕುವವರಿಗೆ ನನ್ನ ಮೊದಲ ಬುದ್ಧಿಮಾತು: ಬೇಕಾದ ವಸ್ತುವಿನ ಕಡೆ ನೋಡಲೇಬೇಡಿ. ಪಕ್ಕದ ತುಕ್ಕು ಹಿಡಿದ ಲಾಟೀನಿನ ರೇಟು ಕೇಳಿ, ಮುಖ ಗಂಟು ಹಾಕಿ, ಹೊರಡುವಾಗ ಮಾತ್ರ "ಆ ಗಾಜಿನ ಲೋಟಾನೂ ಹಾಕಿಬಿಡ್ರಿ" ಅನ್ನಿ. ನಿಪ್ಪಾಣಿಯಲ್ಲಿ ಹಳೆಯ ತಂಬಾಕು ವಖಾರಿಯೊಂದನ್ನು ಕೆಡವುವಾಗ ನನಗೆ ಐದು ಗ್ಲಾಸು ಸಿಕ್ಕಿದ್ದು ಹೀಗೆಯೇ. ತಂಬಾಕು ಕೊಳ್ಳಲು ಬರುತ್ತಿದ್ದ ಇಂಗ್ಲಿಷ್ ದೊರೆಗಳಿಗೆಂದು ಆ ಮನೆಯ ಅಜ್ಜ ತರಿಸಿಟ್ಟಿದ್ದರಂತೆ. ಮೊಮ್ಮಕ್ಕಳು ಅವುಗಳಲ್ಲಿ ಮೊಳೆ ತುಂಬಿಟ್ಟಿದ್ದರು.

ಗಾಜಿನ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ. ಐಗಳಿ, ಸತ್ತಿ ಊರುಗಳ ಓಣಿಗಳಲ್ಲಿ ಬುಟ್ಟಿ ಹೊತ್ತು, ಹಳೆಯ ಸೀರೆ ಪಡೆದು ಸ್ಟೀಲ್ ಪಾತ್ರೆ ಕೊಡುತ್ತ ತಿರುಗಿದವಳು ನಾನು. ಈಗ ಚಿಕ್ಕೋಡಿಯಲ್ಲಿ ಸ್ವಂತ ಪಾತ್ರೆ-ಭಾಂಡೆ ಅಂಗಡಿ ಇದೆ. ಉಗುರಿನಿಂದ ಬಾರಿಸಿದರೆ ಒಳ್ಳೆಯ ಕ್ರಿಸ್ಟಲ್ ಬಹಳ ಹೊತ್ತು ಗುಂಯ್‌ಗುಡುತ್ತದೆ. ಕೈಯಿಂದ ಕೊರೆದ ಗೆರೆ ಬೆರಳಿಗೆ ಚೂಪಾಗಿ ತಾಗುತ್ತದೆ. ಅಚ್ಚಿನಲ್ಲಿ ಒತ್ತಿದ್ದು ಮೊಂಡು. ಇಷ್ಟು ಗೊತ್ತಿದ್ದರೆ ಸಾಕು, ಅರ್ಧ ಮೋಸ ತಪ್ಪುತ್ತದೆ.

ಅತ್ತೆಗೆ ಮಾತ್ರ ಆ ಐದು ಗ್ಲಾಸು ಕಣ್ಣಿಗೆ ಚುಚ್ಚುತ್ತಿದ್ದವು. "ದಾರೂ ಕುಡಿಯೂ ಗ್ಲಾಸ್ ದೇವರ ಮನಿ ಎದುರಿಗೇ ಇಟ್ಟೀಯಲ್ಲ ಬೇ! ಮಂದಿ ಏನಂದಾರು?"

"ಮಂದಿ ಕೇಳಿದ್ರ ಸೊಸಿ ಕುಡೀತಾಳ ಅನ್ರಿ," ಅಂದಿದ್ದೆ. ಗ್ಲಾಸುಗಳನ್ನು ಕಪಾಟಿನಿಂದ ಇಳಿಸಲಿಲ್ಲ.

ಐದಕ್ಕೆ ಜೋಡಿಯಾಗುವ ಆರನೆಯದು ಮಿರಜದ ಒಬ್ಬ ಹವ್ಯಾಸಿಯ ಹತ್ತಿರ ಇತ್ತು. ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ, ನನ್ನಲ್ಲಿದ್ದ ಕಾಲುಳ್ಳ ಬೇರೆ ಎರಡು ಗ್ಲಾಸುಗಳಿಗೆ ಬದಲಾಗಿ ಕೊಡಲು ಒಪ್ಪಿದ. ಅವನು ಬರುವ ಹಿಂದಿನ ದಿನ ನಾನು ಮಾಲು ತರಲು ಅಥಣಿಗೆ ಹೋಗಿದ್ದೆ. ಮನೆಯಲ್ಲಿ ಮೈದುನನ ಮಗಳ ಮದುವೆಯ ಗಡಿಬಿಡಿ. ತಿರುಗಿ ಬಂದು ನೋಡಿದರೆ ಐದೂ ಗ್ಲಾಸುಗಳ ಮೇಲೆ, ಬಾಯಿಯ ಕೆಳಗೆ ನುಣುಪಾಗಿ ಬಿಟ್ಟ ಪಟ್ಟಿಯಲ್ಲಿ, ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು!

ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸದೆ ಯಾರೂ ಒಯ್ಯುವುದಿಲ್ಲ. ನನ್ನ ಅಂಗಡಿಯ ಮುಂದೆಯೇ ಹೆಸರು ಕೊರೆಯುವವನು ಮಷಿನ್ ಇಟ್ಟುಕೊಂಡು ಕೂರುತ್ತಾನೆ. ಅತ್ತೆ ಅವನನ್ನೇ ಮನೆಗೆ ಕರೆಸಿದ್ದರು.

"ಮದುವಿ ಮನ್ಯಾಗ ಸಾಮಾನು ಅದಲ್ ಬದಲ್ ಆಗ್ತಾವ," ಅಂದರು. "ಯಾರರೆ ತಮ್ದಂತ ಒಯ್ದ್ರ? ನೀ ಆಮ್ಯಾಲ ಅಳಕೋತ ಕುಂಡ್ರತಿ."

ನಮ್ಮ ಮನೆಯ ಹಂಡೆಯಿಂದ ಚಮಚದವರೆಗೆ ಮಾವನ ಹೆಸರು, ಗಂಡನ ಹೆಸರು. ನಾನೇ ದುಡಿದು ತಂದವುಗಳ ಮೇಲೂ ಅದೇ. ನನ್ನ ಹೆಸರನ್ನು ಅತ್ತೆ ಹಾಕಿಸಿದ್ದು ಇವುಗಳ ಮೇಲೆ ಮಾತ್ರ.

ಮರುದಿನ ಮಿರಜದವನು ಬಂದು ಒಂದು ಗ್ಲಾಸು ಎತ್ತಿದ್ದೇ ತಲೆಯ ಮೇಲೆ ಕೈ ಇಟ್ಟುಕೊಂಡ. "ಅಯ್ಯಯ್ಯೋ ವಹಿನಿ, ಸತ್ಯಾನಾಶ! ಇದೇನು ಹಾಲಿನ ಚರಗಿ ಏನ್ರಿ, ಹೆಸರು ಹಾಕ್ಸಾಕ?"

"ಹಾಕ್ಸೇವಿ. ಈಗೇನಾತ್ರಿ?"

"ಜೋಡಿ ಎಲ್ಲಿ ಉಳೀತು? ಇಂಥಾ ಕೆಟ್ಟ ಸೆಟ್ಟಿಗೆ ನನ್ನ ಗ್ಲಾಸ್ ಸೇರಸಾಂಗಿಲ್ಲ. ಮುಂಬೈದಾಗ ತಿಕ್ಕಿ ಪಾಲಿಶ್ ಮಾಡೋರು ಅದಾರ. ಹೆಸರು ತಗಿಸ್ರಿ, ಆಗ ನಂದು ಕೊಡ್ತೀನಿ. ಇಲ್ಲಾಂದ್ರ ಇಲ್ಲ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಸೆರಗಿನಿಂದ ಕೈ ಒರೆಸುತ್ತ, "ತಗಿಸ್ ಬೇ. ನನಗೇನ್ ತಿಳೀತೈತಿ, ಹಾಳ ಮಾಡಿದ್ನಿ," ಅಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಆರನೆಯ ಗ್ಲಾಸು ಟೇಬಲ್ ಮೇಲೆ ಬಿಸಿಲಿಗೆ ಮಿಂಚುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಜೀವ ಅತ್ತಲೇ ಎಳೆಯಿತು, ಸುಳ್ಳು ಯಾಕೆ ಹೇಳಲಿ.

"ಏನೂ ಹಾಳಾಗಿಲ್ರಿ ಅತ್ತಿ," ಅಂದೆ. ಅವನ ಕಡೆ ತಿರುಗಿ, "ಹೆಸರು ತಗ್ಯಾಂಗಿಲ್ರಿ. ನಿಮ್ಮದು ಇಟ್ಟು ಹೋಗೂದಿದ್ರ ಇಟ್ಟು ಹೋಗ್ರಿ, ಅದರ ಮ್ಯಾಲೂ ಹಾಕಸ್ತೀನಿ!"

ಅವನು ತನ್ನ ಗ್ಲಾಸನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಎದ್ದ. ಚಹಾ ಅರ್ಧ ಬಟ್ಟಲು ಹಾಗೆಯೇ ಉಳಿಯಿತು.

ಜೋಡಿ ಒಡೆದರೆ ಬೆಲೆ ಇಲ್ಲ, ಗೀರು ಬಿದ್ದರೆ ಬೆಲೆ ಇಲ್ಲ ಎಂದು ತಿಳಿದವರು ಹೇಳುತ್ತಾರೆ. ಮಾರುವವರಿಗೆ ಆ ಮಾತು ಸರಿ. ನಾನು ಮಾರುವುದಿಲ್ಲ. ರಾಯಬಾಗ, ಕಾಗವಾಡದ ಕಡೆ ಯಾರದಾದರೂ ಅಟ್ಟದಲ್ಲಿ ಅಂಥ ಗ್ಲಾಸು ಕಂಡರೆ ನನಗೆ ಹೇಳಿ. ಮನೆಯವರ ಮುಂದೆ ಮಾತ್ರ ಬಾಯಿ ಬಿಡಬೇಡಿ, ರೇಟು ಏರಿಸಿಬಿಡುತ್ತಾರೆ.