ಸಪೋರ್ಟ್ ನಿಂತಿತು, ಅಕ್ಕನ ಮಾತೂ ನಿಂತಿತು

ಕಳೆದ ಭಾನುವಾರ ಹರಿಹರದಲ್ಲಿ ನಮ್ಮಕ್ಕ ಕಂಪ್ಯೂಟರಿನ ಕೀಬೋರ್ಡ್ ಎತ್ತಿ ನೆಲಕ್ಕೆ ಕುಕ್ಕಿದಳು. ಅದೂ ಬೀಗರ ಎದುರಿಗೆ!

ಲಕ್ವ ಹೊಡೆದು ಅಕ್ಕನ ಮಾತು ಹೋಗಿದೆ. ಎಡಗೈ ಮಾತ್ರ ಆಡುತ್ತದೆ. ದಾವಣಗೆರೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ತಮ್ಮ ಸುಮ್ಮನಿರಲಾದೀತೆ? ಪೈಥಾನ್ ಎಂಬ ಭಾಷೆಯಲ್ಲಿ ಅವಳಿಗೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದು ಕೀ ಒತ್ತಿದರೆ ಪರದೆಯ ತುಂಬ ‘ನೀರು’ ಎಂದು ಬರುತ್ತದೆ. ಇನ್ನೊಂದಕ್ಕೆ ‘ಮಾತ್ರೆ’. ಹೀಗೆ. (ಅಕ್ಷರಗಳನ್ನೂ ನಾನೇ ಚಿತ್ರದಂತೆ ಬರೆದದ್ದು. ಕನ್ನಡ ಫಾಂಟಿನ ಕಥೆ ಮಾತ್ರ ಕೇಳಬೇಡಿ.)

ಆ ಕಂಪ್ಯೂಟರ್ ಕೆಟ್ಟಿತು. ಹೊಸದು ಬಂತು, ಅದರಲ್ಲಿ ಹೊಸ ವಿಂಡೋಸ್. ನನ್ನ ಪ್ರೋಗ್ರಾಂ ಹಾಕಿದರೆ ಜಪ್ಪಯ್ಯ ಅನ್ನಲಿಲ್ಲ. ಪರದೆ ಮೇಲೆ ಅಕ್ಷರ ಮೂಡಿಸಲು ನಾನು ನೆಚ್ಚಿಕೊಂಡಿದ್ದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಹಳೆಯ ವಿಂಡೋಸಿಗೆ ಮಾತ್ರವಂತೆ. ಅದನ್ನು ಬರೆದವರಿಗೆ ಈಮೇಲ್ ಮಾಡಿ ಕೇಳಿದೆ. ‘ಸಪೋರ್ಟ್ ನಿಲ್ಲಿಸಿದ್ದೇವೆ. ಬೇರೆ ಲೈಬ್ರರಿಗೆ ಬದಲಾಯಿಸಿಕೊಳ್ಳಿ’ ಎಂದರು.

ಎಷ್ಟು ಸಲೀಸು ನೋಡಿ! ಬದಲಾಯಿಸುವವರು ಯಾರು? ಕೀ ಒತ್ತಿದ್ದನ್ನು ಗುರುತಿಸುವ ಸಾಲುಗಳನ್ನೆಲ್ಲ ಹೊಸದಾಗಿ ಬರೆಯಬೇಕು. ನನ್ನ ಚಿತ್ರಗಳನ್ನು ಹೊಸ ಲೈಬ್ರರಿ ಓದುವುದೂ ಇಲ್ಲ. ಅಲ್ಲಿಯವರೆಗೆ ಅಕ್ಕ ಬಾಯಿ ಮುಚ್ಚಿಕೊಂಡಿರಬೇಕೇ? ಮೈಯೆಲ್ಲ ಉರಿದುಹೋಯಿತು.

ನನ್ನ ಪೇಚಾಟ ನೋಡಲಾರದೆ ಭಾವ ಅಂದರು, “ನೀರು, ಮಾತ್ರೆ, ನೋವು, ಇಷ್ಟಿದ್ರೆ ಸಾಕು ಬಿಡಪ್ಪ. ಉಳಿದದ್ದು ಯಾಕ ಬೇಕು ಆಕಿಗೆ?”

ನನಗೂ ರೋಸಿಹೋಗಿತ್ತು. ಆ ಮೂರನ್ನಷ್ಟೇ ಹೊಸ ಲೈಬ್ರರಿಗೆ ಹೊಂದಿಸಿ ಕೈ ತೊಳೆದುಕೊಂಡೆ.

ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದಾಗ ಅವಳ ಮಗಳ ಅತ್ತೆ ಮಾವ ಕಡರನಾಯಕನಹಳ್ಳಿಯಿಂದ ಬಂದರು. ಚಹಾ ಕುಡಿದು ಎದ್ದರು. ಅಕ್ಕ ಒಂದು ಕೀ ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಮತ್ತೆ ಒತ್ತಿದಳು. ಬೀಗತಿ “ಬರ್ತೀವ್ರಿ” ಎಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಕೀಬೋರ್ಡ್ ನೆಲಕ್ಕೆ ಬಿತ್ತು.

“ಯಾಕ್ರಿ, ನಾವು ಬಂದಿದ್ದು ಅಕ್ಕಾರಿಗೆ ಹಿಡಿಸಲಿಲ್ಲೇನ್ರಿ?” ಬೀಗರ ಮುಖ ಕಪ್ಪಿಟ್ಟಿತು.

ಅಕ್ಕನ ಬೆರಳು ಯಾವ ಕೀ ಹುಡುಕುತ್ತಿತ್ತೆಂದು ನನಗೆ ಆಗ ಹೊಳೆಯಿತು. ಹಳೆಯ ಪ್ರೋಗ್ರಾಮಿನಲ್ಲಿ ಅದನ್ನು ಒತ್ತಿದರೆ ಬರುತ್ತಿದ್ದುದು ‘ಉಂಡು ಹೋಗ್ರಿ’. ಬಾಗಿಲು ತೋರಿಸಿ, ಬಾಯಿಗೆ ಕೈ ಒಯ್ದು, ಅಕ್ಕ ಹಟ ಹಿಡಿದು ಬರೆಸಿಕೊಂಡದ್ದು.

ಬಾಗಿಲಿಗೆ ಅಡ್ಡ ನಿಂತು ಅವಳ ಪರವಾಗಿ ನಾನೇ ಕರೆದೆ. ಬೀಗರು ಕೂತು ಉಂಡರು. ಅಕ್ಕ ನನ್ನತ್ತ, ಭಾವನತ್ತ ತಿರುಗಿಯೂ ನೋಡಲಿಲ್ಲ.

ನೀವೇ ಹೇಳಿ, ನೀರು ಕೇಳಲಷ್ಟೇ ಬಾಯಿ ತೆರೆಯುವ ಯಜಮಾನಿ ಯಾವ ಮನೆಯಲ್ಲಿದ್ದಾಳೆ?