ಬೂದು ಬಣ್ಣದ ಪರದೆ

ನಾಗಪುರದ ಹೊರಗಿನ ಒಂದು ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿಗೆ ಹೊಸ ಕಂಪ್ಯೂಟರ್ ಪರದೆ ಕೂರಿಸಲು ಹೋಗಿದ್ದೆ. ಗೋಡೆ ತುಂಬ ಇದ್ದ ಹಳೇ ದೀಪ, ಗುಂಡಿಗಳನ್ನೆಲ್ಲ ಕಿತ್ತಿದ್ದೆವು. ಈಗಿನ ಪದ್ಧತಿಯಂತೆ ಎಲ್ಲ ಸರಿಯಿದ್ದರೆ ಪರದೆ ಪೂರ್ತಿ ಬೂದು, ಏನಾದರೂ ಕೆಟ್ಟರೆ ಮಾತ್ರ ಅಲ್ಲಿ ಬಣ್ಣ. ಕಣ್ಣು ನೇರ ತೊಂದರೆಯ ಮೇಲೇ ಬೀಳಬೇಕು.

ಒಪ್ಪಿಗೆಯ ಸಹಿ ಹಾಕಬೇಕಾದವರು ಶಿಫ್ಟ್ ಇನ್‌ಚಾರ್ಜ್ ಪಾಟೀಲರು, ವಿಜಯಪುರದ ಕಡೆಯವರು. ಪರದೆ ನೋಡಿ ಮುಖ ಸಿಂಡರಿಸಿದರು.

"ಪ್ಲ್ಯಾಂಟ್ ಬಂದ್ ಬಿದ್ದಂಗ ಕಾಣಸ್ತೈತಲ್ರಿ ಮೇಡಮ್."

"ಎಲ್ಲ ಸರಿಯಿದೆ ಅಂತ ಅರ್ಥ ಸರ್."

"ಮನ್ಯಾಗ ಎಲ್ಲಾರೂ ಆರಾಮ ಅದಾರಂತ ದೀಪ ಆರಿಸಿ ಕುಂದರ್ತೀರೇನ್ರಿ?"

ವಾರವಿಡೀ ಇದೇ ವಾದ. ಊರಲ್ಲಿ ನಾನು ಉಳಿದುಕೊಂಡಿದ್ದ ಮನೀಶ್ ನಗರದ ರೂಮಿಗೆ ದಿನಾ ತಲೆಚಿಟ್ಟು ಹಿಡಿಸಿಕೊಂಡು ಮರಳುತ್ತಿದ್ದೆ. ಕೊನೆಗೆ ಸೋತು, ಎಲ್ಲ ಸರಿಯಿದ್ದಾಗ ಉರಿಯಲಿ ಎಂದು ಪರದೆಯ ಮೂಲೆಯಲ್ಲಿ ಒಂದು ಹಸಿರು ದೀಪ ಇಟ್ಟೆ.

"ಹಸಿರ ಅಂದ್ರ ಮಷೀನ್ ನಿಂತೈತಿ ಅಂತ. ನಡದಿದ್ರ ಕೆಂಪು. ನಮ್ಮಲ್ಲಿ ಮೊದಲಿಂದ್ಲೂ ಹಂಗ," ಅಂದರು ಪಾಟೀಲರು.

ನಿಜವೇ, ನಾವು ಕಿತ್ತ ಹಳೇ ದೀಪಗಳೂ ಹಾಗೇ ಇದ್ದವು. ಹಲ್ಲು ಕಚ್ಚಿಕೊಂಡು ಕೆಂಪು ಮಾಡಿದೆ. "ಈಗ ಬರೋಬರ್ ಆತು ನೋಡ್ರಿ," ಎಂದು ಸಹಿ ಹಾಕಿದರು.

ಮರುದಿನ ಕೆಲಸ ನೋಡಲು ಬೆಂಗಳೂರಿನಿಂದ ನಮ್ಮ ಬಾಸ್ ಬಂದರು. ಅಷ್ಟಗಲದ ಬೂದು ಪರದೆಯಲ್ಲಿ ಉರಿಯುತ್ತಿದ್ದ ಒಂದೇ ಒಂದು ಕೆಂಪು ಚುಕ್ಕೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರೀ ಅಲ್ಲಿ ಹಾಳಾಗಿರೋದು?"

"ಏನೂ ಹಾಳಾಗಿಲ್ಲ ಸರ್. ಅದನ್ನ ಹೇಳೋದಕ್ಕೇ ಆ ದೀಪ."

ಅವರ ಕಣ್ಣು ಮಾತ್ರ ನೇರ ಅದರ ಮೇಲೇ ಬಿದ್ದಿತ್ತು. ಆ ಮಟ್ಟಿಗೆ ನಮ್ಮ ಹೊಸ ಪದ್ಧತಿಯನ್ನು ದೂರುವಂತಿಲ್ಲ.