ಮೂವತ್ತಮೂರು ಸ್ಟಾಪಿನ ಪರೀಕ್ಷೆ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬದಿದ್ದರೂ ಪರವಾಗಿಲ್ಲ, ನಮ್ಮ ಮನೆಯಲ್ಲೂ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ನಮ್ಮ ಅಜ್ಜನ ಬಲಗೈ ಹೆಬ್ಬೆರಳಿನ ತುದಿ ಹಲ್ಲಿಯ ಹೊಟ್ಟೆಯ ಹಾಗೆ ನುಣ್ಣಗಿತ್ತು. ಒಂದು ಗೆರೆಯೂ ಇರಲಿಲ್ಲ. ಮೂವತ್ತೊಂದು ವರ್ಷ ನಿಪ್ಪಾಣಿ–ಕಾಗವಾಡ ಬಸ್ಸಿನಲ್ಲಿ ಕಂಡಕ್ಟರನಾಗಿ ಟಿಕೇಟು ಹರಿದು ಹರಿದು ಸವೆದುಹೋಗಿತ್ತು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅಜ್ಜನನ್ನು ಮನುಷ್ಯನೆಂದೇ ಒಪ್ಪುತ್ತಿರಲಿಲ್ಲ. ಅಂಗಡಿಯವನು ಬೆರಳು ಒರೆಸುವನು, ಒತ್ತುವನು, ಬಾಯಿಂದ ಊದುವನು. ಯಂತ್ರ ಮಾತ್ರ ಕುಂಯ್ ಎಂದು ಇಲ್ಲ ಅನ್ನುವುದು. ಹಿಂದೆ ನಿಂತ ಸಾಲು ಚಿಕ್ಕೋಡಿ ದಾಟಿ ಹೋಗುವಷ್ಟು ಬೆಳೆಯುವುದು. ಒಂದು ದಿನ ಅಜ್ಜ ಹೇಳಿಬಿಟ್ಟ:

"ತಮ್ಮಾ, ಈ ಮುದುಕ ಸತ್ತಾನ ಅಂತ ಬರ್ಕೋ. ಅಕ್ಕಿ ಅಷ್ಟ ಕೊಟ್ಟ ಬಿಡು."

ಆ ಹೊತ್ತಿಗೆ ಅಜ್ಜನ ಎರಡೂ ಕಣ್ಣು ಹೋಗಿದ್ದವು. ಶುಗರ್ ತಿಂದುಹಾಕಿತು ಎಂದರು ಡಾಕ್ಟರು. ಅಜ್ಜ ಒಂದು ಕಪ್ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದ. ಹಾಗಾಗಿ ಯಾರು ಯಾರನ್ನು ತಿಂದರು ಎಂಬುದರಲ್ಲಿ ನನಗೆ ಇನ್ನೂ ಅನುಮಾನವಿದೆ.

ಅಜ್ಜ ಎಂದರೆ ಅವ್ವನ ಅಪ್ಪ. ಅಜ್ಜಿ ತೀರಿದ ಮೇಲೆ ಚಿಕ್ಕೋಡಿಯಲ್ಲಿ ನಮ್ಮ ಜೊತೆಗೇ ಇದ್ದ. ಅವ್ವ ಪ್ರಾಥಮಿಕ ಶಾಲೆಯ ಟೀಚರ್. ಕೆಂಪು ಪೆನ್ನನ್ನು ಜಡೆಯಲ್ಲಿ ಸಿಕ್ಕಿಸಿಕೊಂಡೇ ಮಲಗುತ್ತಾಳೆ ಎಂದು ನಾನು ಕ್ಲಾಸಿನಲ್ಲಿ ಹೇಳಿದ್ದೇನೆ. ಅರ್ಧ ನಿಜ.

ಕುರುಡಾದ ಮೇಲೂ ಅಜ್ಜ ಕಂಡಕ್ಟರನೇ. ಓಣಿಯಲ್ಲಿ ನಡೆಯುವಾಗ ಕೊರಳಲ್ಲಿ ಸೀಟಿ. ಎದುರು ಗಾಡಿ ಬಂದರೆ ಒಂದು ಸಲ ಊದುವುದು, ಅಂದರೆ ನಿಲ್ಲು. ದಾಟಿದ ಮೇಲೆ ಎರಡು ಸಲ, ಅಂದರೆ ಹೋಗು. ಬೈಕಿನ ಹುಡುಗರು ನಿಲ್ಲುತ್ತಿದ್ದರು, ಹಾಲಿನವನು ನಿಲ್ಲುತ್ತಿದ್ದ. ಮೂಲೆಮನೆಯ ಎಮ್ಮೆ ಒಂದು ಸೀಟಿಗೆ ನಿಂತರೆ ಎರಡು ಸೀಟಿ ಕೇಳುವವರೆಗೆ ಕಾಲು ಕಿತ್ತಿಡುತ್ತಿರಲಿಲ್ಲ. ಅಜ್ಜ ಒಮ್ಮೆ ಎರಡನೆಯದನ್ನು ಊದಲು ಮರೆತು ಮನೆಗೆ ಬಂದ. ಎಮ್ಮೆ ಸಂಜೆಯವರೆಗೂ ಅಲ್ಲೇ ನಿಂತಿತ್ತು. ಇದನ್ನಂತೂ ನೀವು ನಂಬುವುದು ಬೇಡ.

ಅಜ್ಜನ ಹತ್ತಿರ ಒಂದು ಪ್ರಶ್ನೆ ಇತ್ತು. ಹಿಟ್ಟಿನ ಗಿರಣಿ, ಮದುವೆಯ ಪಂಕ್ತಿ, ಎಲ್ಲಿ ಕೂತರೂ ಪಕ್ಕದವರ ಮೊಣಕಾಲು ತಟ್ಟಿ ಕೇಳುತ್ತಿದ್ದ: "ದೇವರು ಬಂದು, ಕಣ್ಣು ಇಲ್ಲಾ ತಲಿ, ಎರಡರಾಗ ಒಂದ ಕೊಡು ಅಂದ್ರ ಏನ ಕೊಡ್ತೀರಿ?"

ಕಟಿಂಗ್ ಅಂಗಡಿಯವನು, "ಸದ್ಯೇಕ ನನಗ ಎರಡೂ ಬೇಕ್ರಿ ಅಜ್ಜಾರ. ಕೈಯಾಗ ಕತ್ರಿ ಐತಿ, ನಿಮ್ಮ ಕಿವಿ ನಡುವ ಅದಾವು" ಎಂದಿದ್ದ.

ನಾನು, "ತಲಿ ಕೊಡ್ತೀನಿ ಅಜ್ಜಾ. ಗಣಿತದ ಪೇಪರ್ ತಪ್ತೈತಿ" ಎಂದೆ.

"ದೇವರೂ ತೂಕ ನೋಡಿ ತಗೋತಾನ ಪೋರಿ. ನಿಂದ ಹೊಳ್ಳಿ ಕೊಡ್ತಾನ."

ತನ್ನ ಬಗ್ಗೆ ಹೇಳುವಾಗ, "ನನಗ ಅರ್ಧಾ ಟಿಕೇಟಿನ್ಯಾಗ ಬಿಟ್ಟಾನ. ಬರೇ ಕಣ್ಣ ತಗೊಂಡ" ಎಂದು ನಗುತ್ತಿದ್ದ.

ತಲೆ ನೆಟ್ಟಗಿರುವುದರ ಮೇಲೆ ಅಜ್ಜನ ಒಂದು ದೊಡ್ಡ ಹಕ್ಕು ನಿಂತಿತ್ತು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ, ಒಬ್ಬನೇ ಬಸ್ಸು ಹತ್ತಿ ಯಡೂರಿನ ವೀರಭದ್ರ ದೇವರಿಗೆ ಹೋಗಿ ಬರುವುದು. ಅವ್ವ ಮೊದಲು ಒಪ್ಪಿರಲಿಲ್ಲ.

"ಕಣ್ಣಿಲ್ಲದಾವ ಒಬ್ಬಾವನ ಯಾಕ ಹೋಗ್ಬೇಕಪ್ಪಾ? ನಾ ಕರಕೊಂಡ ಹೋಗೂದಿಲ್ಲೇನು?"

"ನೀ ಕರಕೊಂಡ ಹ್ವಾದ್ರ ನಾ ಲಗೇಜ್ ಆಗ್ತೀನಿ. ಮೂವತ್ತೊಂದ ವರ್ಷ ಈ ದಾರಿ ನನ್ನ ತಲ್ಯಾಗ ಐತಿ, ಕಣ್ಣಾಗಿಲ್ಲ."

"ತಲ್ಯಾಗ ಇರೂತನ ಹೋಗು. ಅದು ಅತ್ತಿತ್ತಾದ ದಿನ ಬಸ್ ಬಂದ್" ಎಂದಳು ಅವ್ವ. ಟೀಚರ್ ಅಲ್ಲವೇ, ಪರೀಕ್ಷೆ ಇಟ್ಟಳು. ಪ್ರತಿ ಅಮಾವಾಸ್ಯೆಯ ಹಿಂದಿನ ಸಂಜೆ ಅಜ್ಜ ನಿಪ್ಪಾಣಿಯಿಂದ ಕಾಗವಾಡದವರೆಗೆ ಎಲ್ಲ ಸ್ಟಾಪುಗಳನ್ನು ಸಾಲಾಗಿ ಹೇಳಬೇಕು. ಪಾಸಾದರೆ ಯಡೂರು. ಪರೀಕ್ಷಕಿ ನಾನು. ನನ್ನನ್ನು ಆರಿಸಿದ್ದು ಅಜ್ಜನೇ. "ನೀ ಮಗಳು, ನಿನಗ ಕನಿಕರ ಬರ್ತೈತಿ. ಈಕಿಗಿ ಅದರ ಕಾಟ ಇಲ್ಲ" ಎಂದಿದ್ದ ಅವ್ವನಿಗೆ.

ಒಟ್ಟು ಮೂವತ್ತಮೂರು ಸ್ಟಾಪು. ಅಜ್ಜ ಹೇಳಿದ ಹಾಗೆ ನನ್ನ ವಿಜ್ಞಾನದ ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಿದ್ದೆ. ನಿಪ್ಪಾಣಿ, ಖಡಕಲಾಟ, ಚಿಕ್ಕೋಡಿ, ಕೇರೂರು, ಅಂಕಲಿ, ಮಾಂಜರಿ ಇಂಥವು ಬೋರ್ಡಿನ ಮೇಲೂ ಇರುವ ಹೆಸರು. ನಡುನಡುವೆ ಯಾವ ಬೋರ್ಡಿನಲ್ಲೂ ಇಲ್ಲದ, ಜನ ಕೈ ಮಾಡಿದಲ್ಲಿ ಬಸ್ಸು ನಿಂತು ನಿಂತು ಆದ ಸ್ಟಾಪುಗಳು. ಅವಕ್ಕೆ ಹೆಸರಿಟ್ಟವನು ಅಜ್ಜ. ದಿನವೂ ಎರಡು ಕೊಡ ಹೊತ್ತು ಹತ್ತುತ್ತಿದ್ದವಳ ಜಾಗ 'ಎರಡು ಕೊಡದಾಕಿ'. ಎಬ್ಬಿಸದಿದ್ದರೆ ಇಳಿಯದ ಮಾಸ್ತರರ ಊರಿನ ತಿರುವು 'ನಿದ್ದಿ ಮಾಸ್ತರ'. ಗಂಡ ಹೆಂಡತಿ ಜಗಳವಾಡುತ್ತ ಹತ್ತಿ, ಜಗಳವಾಡುತ್ತಲೇ ಇಳಿಯುತ್ತಿದ್ದ ಬೇವಿನ ಗಿಡ 'ಭಾಂಡಣದ ಬೇವು'. ಎರಡು ಕೊಡದವಳು ಸತ್ತು ಹತ್ತು ವರ್ಷವಾಗಿದ್ದರೂ ಅಲ್ಲಿ ಬಸ್ಸು ನಿಲ್ಲುತ್ತದಂತೆ.

ಪರೀಕ್ಷೆಗೆ ಮೊದಲು ಅಜ್ಜ ಓಣಿಯ ತುದಿಯಿಂದ ಮೆಣಸಿನಕಾಯಿ ಭಜಿ ತರುತ್ತಿದ್ದ. ಲಂಚ ಎನ್ನಿ. ನಾನು ತಿನ್ನುತ್ತ ಟಿಕ್ ಹಾಕುವುದು, ಅಜ್ಜ ಕಿಟಕಿಯ ಬಳಿ ಬೆಂಚಿನ ಮೇಲೆ ಕೂತು ಗಡಗಡ ಹೇಳುವುದು. ಒಂದೂವರೆ ನಿಮಿಷದಲ್ಲಿ ಕಾಗವಾಡ ಮುಟ್ಟುತ್ತಿದ್ದ. ಆ ವೇಗಕ್ಕೆ ಬಸ್ಸು ಓಡಿದ್ದರೆ ಅಜ್ಜ ನೌಕರಿಯಲ್ಲೇ ಇರುತ್ತಿರಲಿಲ್ಲ.

ನನ್ನ ಮೊದಲನೇ ಪಿಯುಸಿ ಶುರುವಾದ ಸಮಯ. ಒಂದು ಭಾನುವಾರ ಅಜ್ಜ ನನ್ನನ್ನು ಅಂಕಲಿಗೆ ಕರೆದುಕೊಂಡು ಹೋದ. ಇಪ್ಪತ್ತು ವರ್ಷ ಅಜ್ಜನ ಬಸ್ಸು ಓಡಿಸಿದ ಡ್ರೈವರ್ ಅಲ್ಲಿದ್ದ. ಡ್ರೈವರ್ ಅಜ್ಜನ ಕಣ್ಣು ಹೇಗಿತ್ತೆಂದರೆ, ನಾವು ಹೋದಾಗ ಸೊಸೆಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಕನ್ನಡಕವಿಲ್ಲದೆ. ನಮ್ಮನ್ನು ನೋಡಿ ಚಂದ ನಕ್ಕ.

"ಬರ್ರಿ, ಕೂಡ್ರಿ. ಯಾರ್ರಿ ತಾವು?"

ಅಜ್ಜ ಹೆಸರು ಹೇಳಿದ. ಡ್ರೈವರ್ ಅಜ್ಜ ತಲೆಯಾಡಿಸಿದ. ಚಹಾ ಬಂತು. "ಯಾರ್ರಿ ತಾವು?" ಎಂದ ಮತ್ತೆ. ಮೂರನೆಯ ಸಲ ಕೇಳಿದಾಗ ನಮ್ಮಜ್ಜ ಏನೂ ಹೇಳದೆ ಕೊರಳಿನ ಸೀಟಿ ತೆಗೆದು ಎರಡು ಸಲ ಊದಿದ. ಡ್ರೈವರ್ ಅಜ್ಜನ ಬಲಗಾಲು ನೆಲವನ್ನು ಮೆಲ್ಲಗೆ ಒತ್ತಿತು. ಎಡಗೈ ಗಾಳಿಯಲ್ಲಿ ಗೇರು ಹಾಕಿತು. ಮುಖದಲ್ಲಿ ಮಾತ್ರ ಯಾರೂ ಇರಲಿಲ್ಲ. ನಾನು ನಗಬೇಕೆಂದುಕೊಂಡಿದ್ದೆ, ನಗು ಬರಲಿಲ್ಲ. ನಮ್ಮಜ್ಜನಿಗೆ ಇದ್ಯಾವುದೂ ಕಾಣಿಸಲಿಲ್ಲ. ಹೊರಗೆ ಬಂದ ಮೇಲೆ, "ಸೀಟಿ ಹೊಡದಾಗ ಏನ ಮಾಡ್ದ?" ಎಂದು ಕೇಳಿದ. ಹೇಳಿದೆ. ಅಜ್ಜ ಸೀಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡ.

"ಅವಗ ನಾ ಕಾಣ್ತೀನಿ, ಆದ್ರ ನಾ ಯಾರೂ ಅಲ್ಲ. ನನಗ ಅವ ಕಾಣೂದಿಲ್ಲ, ಆದ್ರ ಅವ ಪೂರಾ ಅದಾನ. ಮೀಸಿ ಸುದ್ದಾ ಅದಾವು. ತೂಗಿ ನೋಡು, ಯಾವುದು ಹಗುರ?"

ಉತ್ತರ ಕೊಡುವ ಮೊದಲೇ, "ನನ್ನ ತಲಿ ಹೊಂಟ್ರ ನೀನ ನನಗ ಹೇಳ್ಬೇಕು" ಎಂದ.

"ನಾನ್ಯಾಕ? ನಾ ದಿನಾ ಸುಳ್ಳ ಹೇಳಾಕಿ ಅಂತ ನೀನ ಅಂತೀಯಲ್ಲ."

"ಅದಕ್ಕ. ನಿಮ್ಮವ್ವ ಸುಳ್ಳ ಹೇಳಿದ್ರ ನನಗ ತಿಳಿಯೂದಿಲ್ಲ, ಆಕಿ ಎಂದೂ ಹೇಳಿಲ್ಲ. ನಿಂದ ದನಿ ನನಗ ಪಾಠ ಆಗೈತಿ. ಸುಳ್ಳ ಹೇಳೂಮುಂದ ಕೊನೀ ಅಕ್ಷರ ಮ್ಯಾಲ ಏರ್ತೈತಿ. ಟಿಕೇಟ್ ತಗೋಲಾರದಾವ್ರು ಹಂಗ ಅಂತಾರ, 'ತಗೊಂಡೀನ್ರೀ' ಅಂತ."

ಅಂದಿನಿಂದ ಸುಳ್ಳು ಹೇಳುವ ಮೊದಲು ನನ್ನ ದನಿ ನನಗೇ ಕೇಳಿಸುತ್ತದೆ. ಅಜ್ಜ ನನಗೆ ಮಾಡಿದ ಈ ಹಾನಿ ಇನ್ನೂ ವಾಸಿಯಾಗಿಲ್ಲ. ಅಜ್ಜ ಹೋಗಿ ಈಗ ಒಂದು ವರ್ಷ. ಮಣ್ಣು ಮಾಡುವ ದಿನ ಡ್ರೈವರ್ ಅಜ್ಜನನ್ನೂ ಅವರ ಮಗ ಕರೆತಂದಿದ್ದರು. ಸಾಲಿನಲ್ಲಿ ಎಲ್ಲರಿಗಿಂತ ನೆಟ್ಟಗೆ ನಿಂತು, "ಯಾರ್ರಿ ತೀರಿದವ್ರು?" ಎಂದು ಕೇಳುತ್ತಿದ್ದ. ಪ್ರತಿ ಸಲ ಹೇಳಿದಾಗಲೂ, "ಅಯ್ಯ, ಛಲೋ ಮನಶ್ಯಾ ಇರ್ಬೇಕು, ಭಾಳ ಮಂದಿ ಬಂದಾರ" ಎನ್ನುತ್ತಿದ್ದ. ನಮ್ಮಜ್ಜ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಪರೀಕ್ಷೆಗೆ ಬರುತ್ತೇನೆ. ಅಂಕಲಿಗೆ ಹೋಗಿ ಬಂದು ಐದಾರು ತಿಂಗಳಾಗಿರಬೇಕು. ಅಜ್ಜ ಒಂದು ಸಂಜೆ ಭಾಂಡಣದ ಬೇವಿನಿಂದ ನೇರ ಕೇರೂರಿಗೆ ಹಾರಿದ. ನಡುವಿನ ನಿದ್ದಿ ಮಾಸ್ತರ ಬಸ್ಸಿನಲ್ಲೇ ಉಳಿದರು. ನನ್ನ ಪೆನ್ನು ನಿಂತಿತು. ಕೊನೆಗೆ ಅಜ್ಜ, "ಹೂಂ?" ಎಂದ. ಹೇಳಬೇಕಿತ್ತು. ಆದರೆ ಅಜ್ಜ ಆಗಲೇ ಇಸ್ತ್ರಿ ಮಾಡಿದ ಧೋತರ ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದ. ನಾನು ಇಡೀ ಭಜಿಯನ್ನು ಬಾಯಿಗೆ ತುರುಕಿಕೊಂಡೆ. ಬಾಯಿ ತುಂಬಿದ್ದರೆ ಕೊನೆಯ ಅಕ್ಷರ ಏರಲು ಜಾಗವೆಲ್ಲಿ? "ಪಾಫ್" ಎಂದೆ. ಮೆಣಸಿನಕಾಯಿಯ ಖಾರಕ್ಕೆ ಕಣ್ಣಲ್ಲಿ ಕೃಷ್ಣೆ ಹರಿದಳು. ಅಜ್ಜ ಯಡೂರಿಗೆ ಹೋದ, ಸುಖವಾಗಿ ಬಂದ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ತಿಂಗಳು ನಾಲ್ಕು ಸ್ಟಾಪು ಬಿಟ್ಟ. ನಾನು ಎರಡು ಭಜಿ ತುರುಕಿಕೊಂಡೆ. ಮರುದಿನ ಮಧ್ಯಾಹ್ನ ಯಡೂರಿನಿಂದ ಬರಬೇಕಾದವನು ದೀಪ ಹಚ್ಚುವ ಹೊತ್ತಿಗೆ ಬಂದ. ಯಾರೋ ಕಂಡಕ್ಟರ್ ಬಾಗಿಲವರೆಗೆ ಬಿಟ್ಟು ಹೋದರು. "ಗುಡ್ಯಾಗ ಗದ್ದಲ ಭಾಳ ಇತ್ತು" ಎಂದ ಅಜ್ಜ. ಅವ್ವ ನಂಬಿದಳು.

ಮೂರನೆಯ ತಿಂಗಳು ನಿಪ್ಪಾಣಿಯಿಂದ ಹೊರಟ ಬಸ್ಸು ಚಿಕ್ಕೋಡಿ ದಾಟಿ, ಕೇರೂರು ಮುಟ್ಟಿ, ಅಲ್ಲಿಂದ ಮತ್ತೆ ಖಡಕಲಾಟಕ್ಕೆ ಬಂತು. ಅಜ್ಜ ಒಮ್ಮೆ ತಡೆದ. ತುಟಿ ಅಲುಗಿತು. ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಟಿಕೇಟು ಬಿಡಿಸುವ ಹಾಗೆ. ಮತ್ತೆ ಶುರು ಮಾಡಿ ಹೇಗೋ ಕಾಗವಾಡಕ್ಕೆ ತಂದು ನಿಲ್ಲಿಸಿದ. ನಾನು ಮೂರು ಭಜಿ ತುರುಕಿಕೊಂಡು "ಪಾಫ್" ಎಂದೆ.

"ಬಾಯಾಗಿಂದ ನುಂಗಿ ಹೇಳು" ಎಂದ ಅಜ್ಜ.

ನಾನು ಅಗಿಯುತ್ತಲೇ ಇದ್ದೆ. ಅಷ್ಟು ನಿಧಾನವಾಗಿ ಯಾರೂ ಭಜಿ ತಿಂದಿರಲಾರರು.

"ಕಂಡಕ್ಟರ ಬಂದಕೂಡ್ಲೆ ಬಾಯಾಗ ಚುರಮರಿ ತುಂಬ್ಕೊಂಡು ಕೈ ಮಾಡಿ ಹೂಂ ಹೂಂ ಅನ್ನಾವ್ರು ಎಷ್ಟ ಮಂದಿ ನೋಡೀನಿ ಗೊತ್ತೈತೇನ? ಒಬ್ಬರ ಕಡೇನೂ ಟಿಕೇಟ್ ಇರ್ತಿದ್ದಿಲ್ಲ."

ನುಂಗಿದೆ. "ಮದ್ಲಿಂದ ಗೊತ್ತಿತ್ತೇನ ನಿನಗ?"

"ಮದಲನೇ ಭಜಿಗೇ."

"ಮತ್ತ ಯಾಕ ಹ್ವಾದಿ?"

"ಹೋಗ್ಬೇಕನ್ನಿಸ್ತು. ನಾನೂ ಟಿಕೇಟ್ ಇಲ್ಲದನ ಹ್ವಾದೆ." ಅಜ್ಜ ನಗಲಿಲ್ಲ. "ಹ್ವಾದ ತಿಂಗಳ ಯಡೂರಾಗ ಇಳದೆ. ಇಳದ ಮ್ಯಾಲ ಯಾಕ ಬಂದೀನಿ ಅನ್ನೂದ ಹ್ವಾತು. ಯಾವ ಊರು ಅದನೂ ಹ್ವಾತು. ಯಾರಿಗರ ಕೇಳಬೇಕಂದ್ರ ಏನಂತ ಕೇಳಲಿ? ಕಟ್ಟಿ ಮ್ಯಾಲ ಕುಂತಬಿಟ್ಟೆ. ಕಣ್ಣ ಹೋಗಿ ಆರ ವರ್ಷ ಆತು ಪೋರಿ, ಕತ್ತಲ ಅಂತ ಒಂದ ದಿನಾ ಅನ್ನಿಸಿದ್ದಿಲ್ಲ. ಅವತ್ತ ಅನ್ನಿಸ್ತು."

ಉಳಿದ ಭಜಿಯ ಪೊಟ್ಟಣವನ್ನು ನಾನು ಬೆಂಚಿನ ಕೆಳಗೆ ಸರಿಸಿದೆ.

"ಈಗ ಹೇಳು. ನನಗ ನಿನ್ನ ಬಾಯಿಂದನ ಕೇಳ್ಬೇಕಾಗೈತಿ. ಎಷ್ಟ ಬಿಟ್ಟೆ?"

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಕಂಡಿತು. ಅವ್ವ. ಹೆಗಲ ಮೇಲೆ ಶಾಲೆಯ ಚೀಲ, ಕಾಲಲ್ಲಿ ಚಪ್ಪಲಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಬಂದು ನನ್ನ ತೊಡೆಯ ಮೇಲಿನ ನೋಟ್‌ಬುಕ್ ಎತ್ತಿಕೊಂಡು ನೋಡಿದಳು. ಮೂರು ತಿಂಗಳು, ಸಾಲಿಗೆ ಮೂವತ್ತಮೂರು ಟಿಕ್, ಒಂದೂ ಕಡಿಮೆಯಿಲ್ಲ.

"ಅಜ್ಜ ಕೇಳಾಕತ್ತಾನಲ್ಲ" ಎಂದಳು. "ಎಷ್ಟ ಬಿಟ್ಟಾನ?"

ಅವ್ವನಿಗೆ ನನ್ನ ದನಿಯ ಗುಟ್ಟು ಗೊತ್ತಿರಲಿಲ್ಲ. ಬೇಕಾದರೆ ಎರಡು ಎನ್ನಬಹುದಿತ್ತು, ಅಜ್ಜನಿಗೆ ನೆಗಡಿ ಇತ್ತು, ಅದಕ್ಕೇ ತಪ್ಪಿತು ಎನ್ನಬಹುದಿತ್ತು. ಅಜ್ಜ ಮುಖವನ್ನು ನನ್ನ ಕಡೆ ತಿರುಗಿಸಿ, ಕಿವಿಯನ್ನು ಸ್ವಲ್ಪ ಮುಂದೆ ತಂದು ಕಾಯುತ್ತಿದ್ದ.

"ಹನ್ನೊಂದು" ಎಂದೆ.

"ಖರೇ ಹೇಳ್ಯಾಳ" ಎಂದ ಅಜ್ಜ ಅವ್ವನಿಗೆ. ಹೊತ್ತ ಚೀಲ ಯಾರೋ ಇಳಿಸಿಕೊಂಡಂತೆ ಅವನ ಹೆಗಲು ಕೆಳಗೆ ಬಂತು.

ಅವ್ವ ನೋಟ್‌ಬುಕ್ ಮುಚ್ಚಿದಳು. "ನಾಳೆ ಬಸ್ ಇಲ್ಲಪ್ಪಾ. ಇನ್ನ ಮ್ಯಾಗ ಇಲ್ಲ."

"ಆತವ್ವಾ" ಎಂದ ಅಜ್ಜ. ಬೆಂಚಿನ ಮೇಲೆ ಕಿಟಕಿಯ ಕಡೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿ, ಅಂಗೈಯಿಂದ ಒರೆಸಿದ. ಅವ್ವ ಚೀಲ ತೆಗೆಯದೆ ಅಲ್ಲೇ ಕೂತಳು.